ತಿಂಗಳ ಚಂದಾದ ಗಂಟಲು

ಭಾನುವಾರ, ಹನ್ನೊಂದನೇ ತಾರೀಕು

ನನ್ನ ತಕ್ಕಡಿ ಮಗಳಿಗೆ,

ನಿನ್ನ ಅಪ್ಪನ ಆಶೀರ್ವಾದ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯುವುದು ಕಾಗದದ ಮರ್ಯಾದೆ, ಅದಕ್ಕೇ ಬರೆದಿದ್ದೇನೆ. ನಂಬಲೇಬೇಕೆಂದಿಲ್ಲ. ನಿಮ್ಮಮ್ಮನ ಮೊಣಕಾಲು ಮೆಟ್ಟಿಲು ಕಂಡರೆ ಈಗಲೂ ಮುನಿಸಿಕೊಳ್ಳುತ್ತದೆ. ಕಣ್ಣು ಇನ್ನಷ್ಟು ಮಂಜಾಗಿದೆ. ಮೊನ್ನೆ ನನ್ನ ಅಂಗಿಯನ್ನು ಒರೆಸುವ ಬಟ್ಟೆ ಎಂದುಕೊಂಡು ಒಲೆಕಟ್ಟೆ ಒರೆಸಿಬಿಟ್ಟಳು. ಆ ಅಂಗಿಯ ಯೋಗ್ಯತೆಗೆ ಅದೇನೂ ಅನ್ಯಾಯವಲ್ಲ ಬಿಡು.

ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ತಪ್ಪಾಯಿತು. ಮೆಸೇಜ್ ಕಳಿಸಿದಾಗ ಬರೀ ಹೆಬ್ಬೆರಳಿನ ಚಿತ್ರ ಒತ್ತಿದೆ. ಅದೂ ತಪ್ಪೇ. "ಅಪ್ಪನಿಗೆ ನನ್ನ ಮೇಲೆ ಕೋಪಾನಾ?" ಎಂದು ಅಮ್ಮನನ್ನು ಕೇಳಿದೆಯಂತೆ. ಅವಳು, "ಇಲ್ಲಮ್ಮ, ನೆಗಡಿ ಆಗಿ ದನಿ ಕಟ್ಟಿದೆ" ಎಂದಳಂತೆ. ಗಂಟಲನ್ನೇ ಕತ್ತರಿಸಿ ತೆಗೆಸಿಕೊಂಡವನಿಗೆ ದನಿ ಕಟ್ಟುವುದು ಹೇಗೆ ಎಂದು ನೀನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಸುಳ್ಳಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ, ಹಾದುಹೋಗಲಿ ಎಂದು ಪಕ್ಕಕ್ಕೆ ಸರಿಯುತ್ತೇವೆ.

ಮೆಸೇಜಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುವೆ. ಮೆಸೇಜನ್ನು ನೀನು ಲಿಫ್ಟಿನಲ್ಲಿ ನಿಂತು ಓದುತ್ತೀಯ, ಒಂದು ಹೃದಯ ಒತ್ತುತ್ತೀಯ, ಬಾಗಿಲು ತೆರೆದರೆ ಇಳಿದು ಹೋಗುತ್ತೀಯ. ಕಾಗದವಾದರೆ ಎಲ್ಲಾದರೂ ಕುಳಿತು ಓದಲೇಬೇಕು. ಇದನ್ನು ನೀನು ಕುಳಿತು ಓದಬೇಕು ಎಂಬ ಆಸೆ ನನಗೆ.

ವಿಷಯ ಇಷ್ಟೇ: ನನ್ನ ದನಿ ನಿಂತುಹೋಗಿದೆ. ಹಲಗೆ ಕೆಟ್ಟಿಲ್ಲ (ಆ ಟ್ಯಾಬನ್ನು ನಾನು ಹಲಗೆ ಎನ್ನುವುದು ನಿನಗೆ ಗೊತ್ತು). ಬೆರಳಲ್ಲಿ ಬರೆದದ್ದನ್ನು ಅದು ಈಗಲೂ ಓದುತ್ತದೆ. ಆದರೆ ನನ್ನ ದನಿಯಲ್ಲಿ ಅಲ್ಲ, ಯಾವನೋ ಒಬ್ಬನ ದನಿಯಲ್ಲಿ. ಇಸ್ತ್ರಿ ಮಾಡಿದ ದನಿ. ಹುಡುಗ ಚೆನ್ನಾಗಿ ಓದಿಕೊಂಡಿದ್ದಾನೆ, ಶೀತ ನೆಗಡಿ ಕಂಡವನಲ್ಲ, ಜನ್ಮದಲ್ಲಿ ಯಾರ ಹತ್ತಿರವೂ ಜಗಳ ಆಡಿದವನಲ್ಲ. ಅಂಥವನನ್ನು ಕೊರಳಿಗೆ ನೇತುಹಾಕಿಕೊಂಡು ನಾನು ಈ ಮನೆಯಲ್ಲಿ ಓಡಾಡುತ್ತಿದ್ದೇನೆ.

ಆದದ್ದು ಹೀಗೆ. ನಮ್ಮ ಹೂವಿನ ಯಾರ್ಡಿನಲ್ಲಿ ಹೊಸ ಶೆಡ್ ಕಟ್ಟಿದ್ದಾರೆ. ಇನ್ನು ಮುಂದೆ ಹರಾಜು ಕೂಗುವವರು ಬೇಡವಂತೆ. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಬೆಲೆ ಓಡುತ್ತದೆ, ಬೇಕಾದವರು ಗುಂಡಿ ಒತ್ತುತ್ತಾರೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಹೂವು ಕೊಳ್ಳುವ ಕಾಲ ಬಂತು. ಉದ್ಘಾಟನೆಯ ದಿನ ಮೊದಲ ಬುಟ್ಟಿಯನ್ನು ಮಾತ್ರ ಹಳೆಯ ಪದ್ಧತಿಯಲ್ಲಿ ಕೂಗಲಿ, ಅದನ್ನು ಒಂದು ಕಾಲದಲ್ಲಿ ಅಲ್ಲಿ ಹರಾಜು ಕೂಗುತ್ತಿದ್ದ ನಾನೇ ಕೂಗಬೇಕು ಎಂದು ಕಮಿಟಿಯವರ ಆಸೆ. ಅಟ್ಟದಿಂದ ಹಳೆಯ ಪಾತ್ರೆ ಇಳಿಸಿ, ಉಜ್ಜಿ, ಅತಿಥಿಗಳಿಗೆ ತೋರಿಸಿ ಮತ್ತೆ ಅಟ್ಟಕ್ಕೇರಿಸುವ ಹಾಗೆ. ಬೇಡ ಎನ್ನಬಹುದಿತ್ತು. ಆದರೆ ನಿನ್ನ ಅಪ್ಪನಿಗೆ ಹೊಗಳಿಕೆ ಎಂದರೆ ಇವತ್ತಿಗೂ ಬಾಯಲ್ಲಿ ನೀರು. ಹಿಂದಿನ ದಿನವೇ ಕುಳಿತು ನಾಲ್ಕು ಮಾತು ಹಲಗೆಯಲ್ಲಿ ಬರೆದಿಟ್ಟುಕೊಂಡೆ.

ಎಲೆಕ್ಟ್ರಿಷಿಯನ್ ಬಂದು ಹಲಗೆಗೂ ಮೈಕಿಗೂ ವೈರು ಸೇರಿಸಿದ. ನಾನು ಹರಾಜುಕಟ್ಟೆ ಹತ್ತಿದೆ. ಮೊದಲ ಬುಟ್ಟಿ ನಮ್ಮ ಗುಲಾಬಿ ಅಜ್ಜನದು. ನೀನು ಚಿಕ್ಕವಳಿದ್ದಾಗ ಮುಳ್ಳು ಬಿಡಿಸಿ ಒಂದೊಂದು ಹೂವು ಕೊಡುತ್ತಿದ್ದನಲ್ಲ, ಅದೇ ಅಜ್ಜ. ಈಗ ನೆಟ್ಟಗೆ ನಿಲ್ಲಲಾರ, ಆದರೂ ಬುಟ್ಟಿಯ ಅಂಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ನಾನು ಗುಂಡಿ ಒತ್ತಿದೆ.

"ಬನ್ರಪ್ಪೋ ಬನ್ನಿ, ಮೊಗ್ಗು ಬಂದಿದೆ, ಇನ್ನೂ ಕಣ್ಣು ಬಿಟ್ಟಿಲ್ಲ!"

ನನ್ನದೇ ದನಿ. ಮೈಕಿನಲ್ಲಿ, ಶೆಡ್ಡಿನ ತಗಡಿಗೆ ಬಡಿದು, ನನ್ನ ಕಡೆಗೇ ತಿರುಗಿ ಬಂತು. ಮಗಳೇ, ಮೂಟೆ ಹೊತ್ತವರು ಮೂಟೆ ಇಳಿಸದೆ ಹಾಗೇ ನಿಂತರು. ಟೀ ಅಂಗಡಿಯವನು ಹೊರಗೆ ಬಂದ. ಅಜ್ಜ ತಲೆ ಎತ್ತಿ ನನ್ನ ಬಾಯಿ ನೋಡಿದ, ಮುಚ್ಚಿದ ಬಾಯಿಯಿಂದ ಇದೆಲ್ಲಿಂದ ಬಂತು ಎಂಬಂತೆ. ಹುಮ್ಮಸ್ಸಿನಲ್ಲಿ ಎರಡನೆಯದನ್ನು ಒತ್ತಿದೆ: "ಯಾರಪ್ಪಾ ಅದು ಮೂಲೇಲಿ ನಿಂತು ಆಕಳಿಸ್ತಿರೋದು, ಕೈ ಎತ್ತು, ಇಲ್ಲಾಂದ್ರೆ ಮನೆಗೆ ಹೋಗಿ ಮಲ್ಕೋ!"

ಅದು ಬಂದದ್ದು ಆ ಇಸ್ತ್ರಿ ದನಿಯಲ್ಲಿ. ಮೂಲೆಯಲ್ಲಿ ಆಕಳಿಸುವವನ ಸುದ್ದಿಯನ್ನು ಬೆಳಗಿನ ವಾರ್ತೆಯ ಹಾಗೆ ಓದಿತು. ಆಮೇಲೆ ಗುಲಾಬಿ ಅಜ್ಜ ಗಟ್ಟಿಯಾಗಿ ಕೇಳಿದ, "ಯಾವನೋ ಅವನು ಮಧ್ಯದಲ್ಲಿ ಬಾಯಿ ಹಾಕಿದ್ದು?"

ಇಡೀ ಶೆಡ್ ನಕ್ಕಿತು. ಕೆಟ್ಟ ನಗುವಲ್ಲ, ನನಗೂ ಗೊತ್ತು. ಆದರೂ ನಗು ನಗುವೇ. ಹಲಗೆಯ ಮೇಲೆ ಬರೆದಿತ್ತು: ನಿಮ್ಮ ಚಂದಾ ಅವಧಿ ಮುಗಿದಿದೆ, ಸದ್ಯಕ್ಕೆ ಸಾಮಾನ್ಯ ಧ್ವನಿಯನ್ನು ಬಳಸಲಾಗುತ್ತಿದೆ, ಧನ್ಯವಾದಗಳು. ಧನ್ಯವಾದ ಯಾತಕ್ಕೋ ಗೊತ್ತಾಗಲಿಲ್ಲ. ವೈರು ಕಿತ್ತು, ಕಟ್ಟೆ ಇಳಿದು, ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ.

ಮನೆಗೆ ಬಂದರೆ ಇನ್ನೊಂದು ಪ್ರಹಸನ. ನಿಮ್ಮಮ್ಮ ಒಳಗಿದ್ದಳು. ನಾನು ಎಂದಿನಂತೆ "ಬಂದೆ ಕಣೇ" ಎಂದು ಒತ್ತಿದೆ. ಅವಳು ಸೆರಗು ಸರಿಮಾಡಿಕೊಂಡು ಬಂದು, ಬಾಗಿಲ ಕಡೆ ಕಣ್ಣು ಕಿರಿದು ಮಾಡಿ, "ಯಾರಪ್ಪಾ? ಅವರು ಮನೇಲಿಲ್ಲ, ಯಾರ್ಡಿಗೆ ಹೋಗಿದಾರೆ" ಎಂದಳು. ನಾನು, "ನಾನೇ ಕಣೇ, ನಿನ್ನ ಗಂಡ" ಎಂದೆ. ಆ ಹುಡುಗನಿಗೆ 'ಕಣೇ' ಎನ್ನಲು ಬರುವುದಿಲ್ಲ. 'ಕ' ಬೇರೆ, 'ಣೇ' ಬೇರೆ ಮಾಡಿ, ಎರಡಕ್ಕೂ ಸಮನಾಗಿ ಮರ್ಯಾದೆ ಕೊಟ್ಟು ಓದುತ್ತಾನೆ. ಅವಳು ಹತ್ತಿರ ಬಂದು ನನ್ನ ತೋಳು ಮುಟ್ಟಿ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಕುಳಿತು ಅತ್ತಳು. ಮಂಜುಗಣ್ಣಿನವಳಿಗೆ ಗಂಡ ಎಂದರೆ ಮುಖವಲ್ಲ, ದನಿ. ಹಲಗೆಯ ಅಕ್ಷರ ಅವಳಿಗೆ ಕಾಣುವುದಿಲ್ಲ, ಅದನ್ನು ತೋರಿಸಿ ಪ್ರಯೋಜನವಿಲ್ಲ.

ಆ ದಿನದಿಂದ ಹಲಗೆಯನ್ನು ಒತ್ತಬೇಡಿ ಎಂದಿದ್ದಾಳೆ. "ಆ ಹುಡುಗನ ಹತ್ರ ನಾನು ಮಾತಾಡಲ್ಲ. ಏನು ಬೇಕಾದ್ರೂ ಚಮಚ ತಗೊಂಡು ತಟ್ಟೆ ಬಡೀರಿ." ಹಾಗಾಗಿ ಈಗ ಚಮಚದ ಭಾಷೆ ನಡೆಯುತ್ತಿದೆ. ಹೌದು ಎಂದರೆ ಒಂದೇಟು, ಬೇಡ ಎಂದರೆ ಎರಡೇಟು, ಕೋಪ ಬಂದರೆ ಎಷ್ಟಾದರೂ. ಕೆಳಗಿನ ಮನೆಯ ಟೈಲರ್ ಒಂದು ದಿನ ಮೇಲೆ ಬಂದು, ಏನಾದರೂ ರಿಪೇರಿ ನಡೀತಿದೆಯಾ ಎಂದು ವಿಚಾರಿಸಿಕೊಂಡು ಹೋದರು.

ನಿನಗೆ ಕೂಡಲೇ ಯಾಕೆ ಹೇಳಲಿಲ್ಲ ಎಂದು ಈಗ ಕೇಳುತ್ತೀಯ. ಹೇಳುತ್ತೇನೆ, ಮೊದಲು ಉಳಿದದ್ದನ್ನು ಕೇಳು. ಕೈ ನೋಯುತ್ತಿದೆ, ನಾಳೆ ಬರೆಯುತ್ತೇನೆ.

ಮಂಗಳವಾರ

ನಾಳೆ ಎಂದವನು ಎರಡು ದಿನ ಬಿಟ್ಟು ಕುಳಿತಿದ್ದೇನೆ. ಕಾರಣ ಇದೆ, ಮುಂದೆ ಬರುತ್ತದೆ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಮುದುಕರಿಗೆ ಅಷ್ಟು ಸ್ವಾತಂತ್ರ್ಯ ಇರಬೇಕು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ನನ್ನ ದನಿ ಹಿಡಿದಿಟ್ಟರಲ್ಲ, ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದ ಕೋಣೆ. ದಿನಾ ನನ್ನನ್ನು ಕರೆದುಕೊಂಡು ಹೋಗುತ್ತಿದ್ದವಳು ನೀನು. ಗಂಟಲಿನಲ್ಲಿ ಗಡ್ಡೆ ಇಟ್ಟುಕೊಂಡು ಅವರು ಕೊಟ್ಟ ವಾಕ್ಯಗಳನ್ನೆಲ್ಲ ಓದಿದೆ. "ನನ್ನ ಚಿಕ್ಕಪ್ಪನ ಕೊಡೆ ಬಸ್ಸಿನಲ್ಲಿ ಕಳೆದುಹೋಯಿತು." ನನಗೆ ಚಿಕ್ಕಪ್ಪನೂ ಇಲ್ಲ, ಕೊಡೆಯೂ ಇಲ್ಲ, ಆದರೂ ದುಃಖದಿಂದಲೇ ಓದಿದೆ. "ನೀಲಿ ಕುದುರೆ ಕಿಟಕಿಯಲ್ಲಿ ನಿಂತಿದೆ" ಎಂಬುದನ್ನು ಹರಾಜಿನ ರಾಗದಲ್ಲಿ ಓದಿದ್ದಕ್ಕೆ ಮಾತಿನ ಮೇಡಂ ಬೈದರು. ಕೊನೆಯ ದಿನ ನೀನು, "ಅಪ್ಪ, ನನ್ನದೂ ಒಂದು ಓದು" ಎಂದೆ. "ತಕ್ಕಡಿ, ಊಟ ಆಯ್ತಾ?" ಎಂದು ಓದಿಸಿದೆ. ಓದಿ ಮುಗಿಸಿ ನೋಡಿದರೆ ನೀನು ಆ ಸ್ಪಂಜಿನ ಗೋಡೆಗೆ ಮುಖ ತಿರುಗಿಸಿ ಅಳುತ್ತಿದ್ದೆ.

ಮನೆಯಲ್ಲಿ ಅಮ್ಮನ ಹತ್ತಿರ ಹೇಳುತ್ತಿದ್ದುದನ್ನೇ ಅವತ್ತು ಹೊರಗೆ ಕಾರಿನಲ್ಲಿ ಕೂರುವಾಗ ನಾನು ನಿನ್ನನ್ನೂ ಕೇಳಿದ್ದು ನೆನಪಿದೆಯಾ? "ಇದನ್ನ ಒಂದೇ ಸಲ ಕೊಂಡುಬಿಡೋಕೆ ಆಗಲ್ವಾ? ಯಾರ್ಡಿನವರು ಕೊಟ್ಟ ದುಡ್ಡಿನ ಗಂಟು ಹಾಗೇ ಇದೆಯಲ್ಲ, ಅದರಲ್ಲೇ ಕೊಟ್ಟು ಮುಗಿಸೋಣ" ಎಂದಿದ್ದೆ. ನೀನು ಗಾಡಿ ಚಾಲೂ ಮಾಡುತ್ತಾ, "ಕೊಳ್ಳೋದು ಅನ್ನೋದೇ ಈಗ ಇಲ್ಲಪ್ಪ. ಎಲ್ಲಾನೂ ತಿಂಗಳ ಚಂದಾ. ನೀನು ಅದರ ತಲೆಬಿಸಿ ಬಿಡು, ನಾನು ಕಟ್ತೀನಿ" ಎಂದೆ. ನಾನು ಸರಿ ಎಂದೆ. ಇಂಥ ವಿಷಯದಲ್ಲಿ ನಿನ್ನ ಮಾತೇ ಕೊನೆ ಎಂದು ನಮ್ಮ ಮನೆಯಲ್ಲಿ ಯಾವಾಗಲೋ ತೀರ್ಮಾನವಾಗಿದೆ.

ತಕ್ಕಡಿ ಎಂಬ ಹೆಸರು ಬಂದದ್ದೇ ಹಾಗಲ್ಲವೇ. ರಜೆಯ ದಿನ ನೀನು ಹರಾಜುಕಟ್ಟೆಯ ಪಕ್ಕ ಖಾಲಿ ಬುಟ್ಟಿ ಬೋರಲು ಹಾಕಿ ಕೂರುತ್ತಿದ್ದೆ. ನಾನು ಹೇಳಿಕೊಡುತ್ತಿದ್ದೆ: ಹೂವಿನ ಚೆಂದ ನೋಡಬೇಡ, ತೊಟ್ಟು ನೋಡು. ಇನ್ನೆಷ್ಟು ದಿನ ಬಾಳುತ್ತದೆ ನೋಡಿ ಬೆಲೆ ಕಟ್ಟು. ಮೊಗ್ಗಿಗೆ ನಾಳೆ ಇದೆ, ನಾಡಿದ್ದೂ ಇದೆ, ಅದಕ್ಕೆ ಜಾಸ್ತಿ ಕೊಡಬಹುದು. ಅರಳಿ ನಿಂತದ್ದು ಎಷ್ಟೇ ಚೆಂದವಿದ್ದರೂ ಸಂಜೆಗೆ ಮುಗಿಯಿತು. ನೀನು ಅದನ್ನು ಮನೆಗೂ ತಂದೆ. ಸೋಪು, ಚಪ್ಪಲಿ, ಪೆನ್ನು ಎಲ್ಲವನ್ನೂ ತಿರುಗಿಸಿ ನೋಡಿ, "ಇದು ಎಷ್ಟು ದಿನ ಬರುತ್ತೆ?" ಎನ್ನುವುದು. ಅಳಿಯಂದಿರನ್ನೂ ತೊಟ್ಟು ನೋಡಿಯೇ ಆರಿಸಿದ್ದಾಳೆ ಎಂದು ಅಮ್ಮ ನಗುತ್ತಿದ್ದಳು. ಆರಿಸಿದ್ದು ಒಳ್ಳೆಯದೇ, ಬಾಡದ ಮನುಷ್ಯ.

ಇರಲಿ. ದನಿ ಹೋದ ಮಾರನೆಯ ದಿನ ಕಂಪನಿಯ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ಹಲಗೆಯನ್ನು ಫೋನಿನ ಬಾಯಿಗೆ ಹಿಡಿದು, "ನಮಸ್ಕಾರ, ನನ್ನ ದನಿ ನಿಂತುಹೋಗಿದೆ" ಎಂದು ಒತ್ತಿದೆ. ಆ ಕಡೆಯ ಹೆಂಗಸು, "ಏನೋ ರೆಕಾರ್ಡಿಂಗ್ ಕಾಲ್" ಎಂದು ಪಕ್ಕದವಳಿಗೆ ಹೇಳಿ ಇಟ್ಟುಬಿಟ್ಟಳು. ಇನ್ನೊಮ್ಮೆ ಮಾಡಿದೆ, ಇನ್ನೊಮ್ಮೆ ಇಟ್ಟರು. ಮನುಷ್ಯರ ದನಿ ಮಾರುವ ಅಂಗಡಿಯಲ್ಲಿ ಮನುಷ್ಯನೇ ಮಾತಾಡಿದರೆ ಮಾತ್ರ ಕೇಳುತ್ತಾರೆ.

ಆಮೇಲೆ ನಿಮ್ಮಮ್ಮ ಕುಳಿತಳು. ಸ್ಪೀಕರ್ ಹಾಕಿದೆವು.

"ಖಾತೆ ಯಾರ ಹೆಸರಲ್ಲಿದೆ ಅಮ್ಮಾ?"

"ಮಗಳ ಹೆಸರಲ್ಲಿ."

"ಅವರ ಕಾರ್ಡಿನ ಅವಧಿ ಮುಗಿದಿದೆ. ಮೇಲ್ ಕಳಿಸಿದ್ವಿ, ಉತ್ತರ ಬಂದಿಲ್ಲ. ಅವರೇ ಹೊಸ ಕಾರ್ಡ್ ಹಾಕಬೇಕು."

"ಗಂಟಲು ನಮ್ಮ ಮನೆಯವರದಲ್ವಾಮ್ಮ?"

"ಹೌದಮ್ಮಾ. ಖಾತೆ ಮಗಳದು."

ನಾನು ತಡೆಯಲಾರದೆ ಪಕ್ಕದಿಂದ ಹಲಗೆ ಒತ್ತಿದೆ, ಇದನ್ನು ಒಂದೇ ಸಲ ಕೊಂಡುಬಿಡಲು ಬರುತ್ತದೆಯೇ ಎಂದು. ಆ ಹೆಂಗಸು, "ಅಮ್ಮಾ, ಸ್ವಲ್ಪ ರೇಡಿಯೋ ಆಫ್ ಮಾಡ್ತೀರಾ?" ಎಂದಳು. "ಅದು ರೇಡಿಯೋ ಅಲ್ಲಮ್ಮ, ನಮ್ಮ ಮನೆಯವರು" ಎಂದಳು ನಿಮ್ಮಮ್ಮ. ಪಾಪ, ಅವಳೂ ಯಾರ ಮನೆಯ ಮಗಳೋ. ಆಮೇಲೆ ಸಮಾಧಾನವಾಗಿಯೇ ವಿವರಿಸಿದಳು. ಒಂದೇ ಸಲ ಕೊಳ್ಳುವ ಪದ್ಧತಿ ಇಲ್ಲ, ಚಂದಾ ಒಂದೇ. ಈ ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ದನಿಯನ್ನು ಅವರ ಕಡೆಯಿಂದ ಅಳಿಸುತ್ತಾರೆ. ಅಳಿಸಿದ ಮೇಲೆ ಮತ್ತೆ ಬೇಕೆಂದರೆ ಮತ್ತೆ ಓದಿಸಿ ಹಿಡಿಯಬೇಕು. "ಮತ್ತೆ ಓದೋಕೆ ಇವರಿಗೆ ಗಂಟಲೆಲ್ಲಿದೆಯಮ್ಮ?" ಎಂದಳು ನಿಮ್ಮಮ್ಮ. "ಹೌದಲ್ವಾ, ಸಾರಿ" ಎಂದಳು ಅವಳು.

ಈ ಚಂದಾ ಎಂಬುದರ ಬಗ್ಗೆ ನನಗೆ ಬೇರೆ ತಕರಾರಿಲ್ಲ. ಪೇಪರಿಗೆ ಚಂದಾ ಕಟ್ಟುತ್ತೇವೆ, ನಿಲ್ಲಿಸಿದರೆ ನಾಳೆಯ ಪೇಪರ್ ಬರುವುದಿಲ್ಲ, ನ್ಯಾಯ. ಆದರೆ ಓದಿ ಮಡಚಿಟ್ಟ ಹಳೆಯ ಪೇಪರನ್ನು ಯಾರೂ ಮನೆಗೆ ಬಂದು ಎತ್ತಿಕೊಂಡು ಹೋಗುವುದಿಲ್ಲ. ಇಲ್ಲಿ ಸರಕು ನನ್ನದು. ನನ್ನ ಗಂಟಲಿನಿಂದ ಹೊರಟದ್ದು. ಅದನ್ನು ಡಬ್ಬಿಯಲ್ಲಿ ತುಂಬಿ, ಮುಚ್ಚಳ ತೆಗೆಯುವುದಕ್ಕೆ ತಿಂಗಳು ತಿಂಗಳು ಬಾಡಿಗೆ ಕೇಳುತ್ತಾರೆ. ಬೆಳೆಗಾರನಿಗೆ ಅವನದೇ ಹೂವನ್ನು ಮೂಸಿ ನೋಡಲು ಚೀಟಿ ಕೊಡುವ ಯಾರ್ಡನ್ನು ನಾನು ಎಲ್ಲೂ ಕಂಡಿಲ್ಲ.

ನಿನ್ನೆ ನಾವಿಬ್ಬರೂ ಕಂಡಕ್ಟರ್ ಮನೆಗೆ ಹೋಗಿದ್ದೆವು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದನಲ್ಲ, ಬಸ್ ಕಂಡಕ್ಟರ್, ಅದೇ ವಾರ ಅದೇ ಡಾಕ್ಟರ ಕೈಯಲ್ಲಿ ಗಂಟಲು ತೆಗೆಸಿಕೊಂಡವನು. ಅದೇ ಸ್ಪಂಜಿನ ಕೋಣೆಯಲ್ಲಿ ಅವನೂ ಚಿಕ್ಕಪ್ಪನ ಕೊಡೆ ಕಳೆದಿದ್ದ. ಮನೆಗೆ ಹೋದ ಮೇಲೆ ಒಂದು ವರ್ಷವೂ ಇರಲಿಲ್ಲ, ಹೋಗಿಬಿಟ್ಟ. ಅವನ ಹೆಂಡತಿ ಈಗ ಹಲಗೆಯನ್ನು ಏನು ಮಾಡಿದರು, ಚಂದಾ ನಿಲ್ಲಿಸಿದಾಗ ಏನಾಯಿತು ಎಂದು ಕೇಳಲು ನಿಮ್ಮಮ್ಮನಿಗೆ ಮನಸ್ಸು. ನಾನು ಚಮಚದಲ್ಲಿ ಎರಡೇಟು ಹೊಡೆದರೂ ಕೇಳದೆ ಹೊರಟಳು.

ಆಯಮ್ಮ ನಮ್ಮನ್ನು ಕೂರಿಸಿ, ನೀರು ಕೊಟ್ಟು, "ಇರಿ, ಮಾತಾಡಿಸ್ತೀನಿ" ಎಂದರು. ಗೂಡಿನಿಂದ ಹಲಗೆ ತಂದು ಒತ್ತಿದರು. "ಮುಂದೆ ನಡೀರಿ, ಮುಂದೆ ನಡೀರಿ, ಮುಂದೆ ಜಾಗ ಇದೆ!" ಕಂಡಕ್ಟರನೇ. ಅದೇ ಮೂಗಿನ ದನಿ, ಅದೇ ಅವಸರ. "ದಿನಾ ಬೆಳಗ್ಗೆ ಇವರೇ ಎಬ್ಬಿಸೋದು" ಎಂದರು ಆಯಮ್ಮ ನಗುತ್ತಾ. "ಚಂದಾ ಯಾರು ಕಟ್ತಾರೆ?" ಎಂದಳು ನಿಮ್ಮಮ್ಮ. "ಚಂದಾ ಇಲ್ವಲ್ಲಮ್ಮ. ನಮ್ಮ ಹುಡುಗರು ಒಂದೇ ಸಲ ಕೊಟ್ಟು ತಗೊಂಡ್ರು. ಯಾವತ್ತಿಗೂ ಇವರದ್ದೇ."

ದಾರಿಯುದ್ದಕ್ಕೂ ನಿಮ್ಮಮ್ಮ ನನ್ನ ತೋಳು ಹಿಡಿದೇ ನಡೆದಳು. ಸತ್ತ ಮನುಷ್ಯ ತನ್ನ ದನಿಯಲ್ಲಿ ಹೆಂಡತಿಯನ್ನು ಎಬ್ಬಿಸುತ್ತಾನೆ, ಬದುಕಿರುವವನು ತಟ್ಟೆ ಬಡಿಯುತ್ತಾನೆ. ಹೊಟ್ಟೆ ಉರಿಯಿತೇ ಎಂದರೆ ಹೌದು, ಸತ್ತವನ ಮೇಲೆ ಹೊಟ್ಟೆ ಉರಿದುಕೊಂಡೆ. ನಾಚಿಕೆಯೂ ಆಗಲಿಲ್ಲ.

ಈಗ ನಾನು ಕೇಳುವುದು ಒಂದೇ. ಸಹಾಯವಾಣಿಯವಳು ಹೇಳಿದ್ದಾಳೆ, ಖಾತೆಯನ್ನು ಬೇರೆಯವರ ಹೆಸರಿಗೆ ಬದಲಿಸಬಹುದು, ನೀನು ಒಪ್ಪಿಗೆ ಕೊಡಬೇಕು ಅಷ್ಟೇ. ನನ್ನ ಹೆಸರಿಗೆ ಮಾಡಿಕೊಡು. ನೀನು ಹೊಸ ಕಾರ್ಡ್ ಹಾಕುವುದು ಬೇಡ, ಒಂದು ತಿಂಗಳಿಗೂ ಬೇಡ. ಇನ್ನು ಮೇಲೆ ನಾನೇ ಕಟ್ಟಿಕೊಳ್ಳುತ್ತೇನೆ, ಇರುವಷ್ಟು ತಿಂಗಳು. ಇದು ತಿಂಗಳ ಕೊನೆಯೊಳಗೆ ಆಗಬೇಕು. ನನಗಾಗಿ ಅಲ್ಲದಿದ್ದರೂ ನಿಮ್ಮಮ್ಮನಿಗಾಗಿ ಮಾಡು. ಅವಳು ಮೊನ್ನೆ ನಿದ್ದೆಯಿಂದ ಎದ್ದು ಕುಳಿತು, "ಏನಾದ್ರೂ ಒಂದು ಮಾತಾಡ್ರೀ" ಎಂದಳು. ಮಂಚದ ಪಕ್ಕ ಚಮಚ ಇರಲಿಲ್ಲ.

ಕಾರ್ಡಿನ ವಿಷಯಕ್ಕೆ ನೀನು ಮನಸ್ಸು ಕೆಡಿಸಿಕೊಳ್ಳಬೇಡ. ಕೆಲಸ ಬದಲಿಸಿದೆ, ಮನೆ ಬದಲಿಸಿದೆ, ಮೇಲ್ ಎಲ್ಲೋ ಹಳೆಯ ಆಫೀಸಿಗೆ ಹೋಗಿರುತ್ತದೆ. ಮರೆವು ಯಾರಿಗಿಲ್ಲ. ಇಷ್ಟು ವರ್ಷ ಒಂದು ತಿಂಗಳೂ ತಪ್ಪಿಸದೆ ಕಟ್ಟಿದವಳು ನೀನು, ಅದನ್ನು ನಾನು ಮರೆತಿಲ್ಲ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಮೊಮ್ಮಗಳಿಗೆ ಹಲ್ಲು ಬಿದ್ದಿದೆಯಂತೆ, ಹೊಸದು ನೆಟ್ಟಗೆ ಬರಲಿ. ತಾತ ಯಾಕೆ ಮಾತಾಡುತ್ತಿಲ್ಲ ಎಂದು ಅವಳು ಕೇಳಿದರೆ, ತಾತನಿಗೆ ಆಡಿ ಆಡಿ ಸಾಕಾಯಿತು ಎನ್ನು. ನಿನ್ನ ಮನೆ ತುಂಬಿರಲಿ, ನಿನ್ನ ಆಯುಷ್ಯ ಗಟ್ಟಿಯಾಗಿರಲಿ, ನಿನಗೆ ಯಾವ ಕಾಯಿಲೆಯೂ ಹತ್ತಿರ ಬಾರದಿರಲಿ. ಇದನ್ನು ಬಾಯಲ್ಲಿ ಹೇಳುವವನ ಹಾಗೆಯೇ ಮನಸಾರೆ ಬರೆಯುತ್ತಿದ್ದೇನೆ.

ನಿನ್ನ,
ಅಪ್ಪ

ಮರೆತದ್ದು:

ಮರೆತದ್ದಲ್ಲ. ಅಲ್ಲಿ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ.

ಒಂದೇ ಸಲ ಕೊಳ್ಳುವ ಪದ್ಧತಿ ಇಲ್ಲ ಎಂದ ಸಹಾಯವಾಣಿಯವಳು ಇನ್ನೊಂದು ಮಾತನ್ನೂ ಹೇಳಿದ್ದಳು. "ಅದನ್ನ ಹೋದ ವರ್ಷ ನಿಲ್ಲಿಸಿದ್ರು ಸಾರ್. ನೀವು ಸೇರಿದಾಗ ಎರಡೂ ಇತ್ತು. ನಾವೇ ಎಲ್ಲರಿಗೂ ಹೇಳ್ತಿದ್ವಿ, ಎರಡು ವರ್ಷಕ್ಕಿಂತ ಜಾಸ್ತಿ ಬಳಸೋ ಹಾಗಿದ್ರೆ ಒಂದೇ ಸಲ ತಗೊಳ್ಳಿ, ಅದೇ ಲಾಭ. ಅಷ್ಟು ದಿನ ಬೇಕಾಗಲ್ಲ ಅನ್ನೋ ಹಾಗಿದ್ರೆ ಚಂದಾ ಸಾಕು." ಪಾಪ ಆ ಹೆಂಗಸು, ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಿಲ್ಲ. ನಿಮ್ಮಮ್ಮನ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು, ಕಣ್ಣು ಕಾಣದವಳು. ಅವತ್ತು ನಾನು ಏನೂ ಕೇಳಲಿಲ್ಲ. ನಿನ್ನ ಫೋನ್ ಎತ್ತದೆ ಇದ್ದದ್ದು ಅದಕ್ಕೆ.

ನಿನ್ನೆ ಕಂಡಕ್ಟರ್ ಮನೆಯಿಂದ ಬಂದ ಮೇಲೆ ಅವಳೇ ಹೇಳಿದಳು. ನೀನು ಡಾಕ್ಟರನ್ನು ಹೊರಗೆ ಕರೆದು ಕೇಳಿದೆಯಂತೆ, ಎಷ್ಟು ದಿನ ಎಂದು. ಒಂದು ವರ್ಷ, ಅದೃಷ್ಟ ಇದ್ದರೆ ಒಂದೂವರೆ ಎಂದರಂತೆ. ನಾನು ಒಳಗೆ ಚಿಕ್ಕಪ್ಪನ ಕೊಡೆ ಓದುತ್ತಿದ್ದೆ. ನೀನು ಬೆಂಚಿನ ಮೇಲೆ ಕುಳಿತು, "ಹಾಗಾದ್ರೆ ಚಂದಾನೇ ಸಾಕಮ್ಮ" ಎಂದೆಯಂತೆ. "ಅವರ ದುಡ್ಡಲ್ಲೇ ತಗೊಳೋಣ ಅಂತಿದಾರಲ್ಲೇ" ಎಂದು ಅವಳು ಹೇಳಿದ್ದಕ್ಕೆ, "ಯಾಕಮ್ಮ ಸುಮ್ನೆ ಹಾಳು ಮಾಡೋದು" ಎಂದೆಯಂತೆ. ಆ ಮಾತನ್ನು ನಿಮ್ಮಮ್ಮ ಇಷ್ಟು ವರ್ಷ ನುಂಗಿಕೊಂಡೇ ಇದ್ದಳು. ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಅಷ್ಟೊಂದು ಯಾಕೆ ಅಳುತ್ತಿದ್ದಳು ಎಂದು ಈಗ ತಿಳಿಯಿತು. ಸ್ಪಂಜಿನ ಗೋಡೆಯ ಕಡೆ ತಿರುಗಿ ನೀನು ಅತ್ತದ್ದು ನನ್ನ ದನಿಗಾಗಿ ಎಂದುಕೊಂಡಿದ್ದೆ. ನೀನು ನನಗಾಗಿಯೇ ಅತ್ತು ಮುಗಿಸಿದ್ದೆ.

ಲೆಕ್ಕ ಸರಿಯಾಗಿಯೇ ಇತ್ತು ಮಗಳೇ. ನಾನೇ ಹೇಳಿಕೊಟ್ಟದ್ದು. ನೀನು ತೊಟ್ಟು ನೋಡಿದೆ, ಸಂಜೆಗೆ ಬಾಡುವ ಹೂವು ಎಂದು ಕಂಡಿತು, ಅಷ್ಟಕ್ಕೇ ಬೆಲೆ ಕಟ್ಟಿದೆ. ಹೂವೇ ಹಟಮಾರಿಯಾಗಿ ಬಾಡದೆ ನಾಲ್ಕು ವರ್ಷ ನಿಂತುಬಿಟ್ಟಿತು. ಆದರೆ ತಿಂಗಳು ತಿಂಗಳು ಆ ಚಂದಾ ಕಟ್ಟುವಾಗ ನಿನಗೆ ಏನನ್ನಿಸುತ್ತಿತ್ತು? ಅಪ್ಪ ಈ ತಿಂಗಳೂ ಇದ್ದಾನೆ ಎಂದು ಖುಷಿಯೋ, ಇನ್ನೂ ಇದ್ದಾನಲ್ಲ ಎಂದೋ? ಇದಕ್ಕೆ ಉತ್ತರ ಬರೆಯಬೇಡ. ಯಾವುದನ್ನು ಬರೆದರೂ ನಾನು ಇನ್ನೊಂದನ್ನೇ ನಂಬುತ್ತೇನೆ. ಅದಕ್ಕೇ ಖಾತೆ ನನ್ನ ಹೆಸರಿಗೆ ಬೇಕು.

ಆದರೆ ನಾನು ಹೇಳಿಕೊಟ್ಟದ್ದರಲ್ಲಿ ಅರ್ಧವನ್ನು ನೀನು ಮರೆತೆ. ಬೆಳೆಗಾರ ಬುಟ್ಟಿಯ ಪಕ್ಕ ಇಲ್ಲದಿದ್ದರೆ ನಾನು ಒಂದು ಹೂವನ್ನೂ ಕೂಗುತ್ತಿರಲಿಲ್ಲ. ಟೀ ಕುಡಿಯಲು ಹೋಗಿದ್ದರೆ ಕಾಯುತ್ತಿದ್ದೆ, ಅದಕ್ಕಾಗಿ ಗುಮಾಸ್ತರ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಕೊನೆಯ ಬೆಲೆ ಕೂಗಿ ಅವನ ಮುಖ ನೋಡುವುದು ನಮ್ಮ ಕಟ್ಟೆಯ ಪದ್ಧತಿ. ಬುಟ್ಟಿಯ ಅಂಚಿನಿಂದ ಕೈ ತೆಗೆದರೆ ಮಾರಿದ ಹಾಗೆ. ಕೈ ತೆಗೆಯದೆ 'ಕೊಡಲ್ಲ' ಎಂದರೆ ಮುಗಿಯಿತು, ಬಾಡಲಿ, ಕೊಳೆಯಲಿ, ಬುಟ್ಟಿ ಅವನ ಜೊತೆ ಮನೆಗೆ ಹೋಗುತ್ತಿತ್ತು.

ನನ್ನ ಬೆಲೆ ಕೂಗುವಾಗ ನೀನು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕಿತ್ತು. 'ಕೊಡಲ್ಲ' ಎನ್ನಲು ಆಗ ನನಗೆ ನನ್ನದೇ ಗಂಟಲಿತ್ತು.